ಇಳಿಜಾರಿನಲ್ಲಿ ಅಳುತ್ತಿದ್ದ ಗಾಡಿ

ಗೇರಮ್ಮ ಎಂದು ಅವಳಿಗೆ ಹೆಸರಿಟ್ಟವರು ಕಲ್ಲುಕೋರೆಯ ಹೆಂಗಸರು. ಆಡಿಕೊಂಡು ನಗುವುದಕ್ಕೆಂದೇ ಇಟ್ಟದ್ದು. ಏರಿನಲ್ಲಿ ಗೇರು ಬೀಳದೆ ಗಾಡಿ ಹಿಂದಕ್ಕೆ ಜಾರಿ, ಒಳಗೆ ಕೂತಿದ್ದವರೆಲ್ಲ ಒಬ್ಬರ ಮಡಿಲಿಗೆ ಒಬ್ಬರು ಉರುಳಿದ ದಿನ ಹುಟ್ಟಿದ ಹೆಸರು ಅದು. ಆಮೇಲೆ ಅದೇ ಹೆಂಗಸರು ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿಬಂದು, "ಗೇರಮ್ಮಾ, ಗಾಡಿ ತೆಗಿಯಮ್ಮಾ" ಎಂದು ಅಂಗಲಾಚುವ ಕಾಲ ಬಂತು. ಹೆಸರು ಅದೇ ಉಳಿಯಿತು, ಕರೆಯುವ ದನಿ ಬೇರೆಯಾಯಿತು.

ಅವಳು ನನ್ನ ತಮ್ಮನ ಹೆಂಡತಿ. ಮದುವೆಯಾಗಿ ಬಂದಾಗ ದೊಡ್ಡ ರಸ್ತೆ ದಾಟಬೇಕಾದರೆ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದಳು. ಲಾರಿ ದೂರದಲ್ಲಿ ಚುಕ್ಕಿಯಷ್ಟು ಕಂಡರೂ ಸಾಕು, "ಹೋಗ್ಲಿ ಬಿಡಿ ಅತ್ತಿಗೆ, ಅದು ಹೋದ್ಮೇಲೆ ದಾಟೋಣ" ಎಂದು ನಿಂತುಬಿಡುತ್ತಿದ್ದಳು. ಅಂಥವಳು ಒಂದು ದಿನ ಗಾಡಿ ಓಡಿಸುತ್ತಾಳೆ ಎಂದು ಯಾರಾದರೂ ಹೇಳಿದ್ದರೆ ನಾನು ಅವರ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಿದ್ದೆ.

ನಮ್ಮ ಮನೆ ಗುಡ್ಡದ ಈ ಮಗ್ಗುಲಲ್ಲಿದೆ. ಇತ್ತ ಕೋರೆ, ಕಲ್ಲು ಪುಡಿ ಮಾಡುವ ಕ್ರಷರ್, ಕೆಲಸದವರ ಸಾಲುಮನೆಗಳು. ಅತ್ತ ದೊಡ್ಡ ರಸ್ತೆ, ಅಂಗಡಿ, ಆಸ್ಪತ್ರೆ. ನಡುವೆ ಗುಡ್ಡ. ಜಲ್ಲಿ ಹೊರುವ ಲಾರಿಗಳಿಗೆ ಕಂಪನಿಯವರು ಸುತ್ತಿ ಬಳಸಿ ದಾರಿ ಮಾಡಿಕೊಂಡಿದ್ದಾರೆ, ಅದರಲ್ಲಿ ಜನ ಹತ್ತುವಂತಿಲ್ಲ. ಜನರಿಗೆ ಇರುವುದು ಗುಡ್ಡ ಹತ್ತಿ ಇಳಿಯುವ ಕಲ್ಲುಹಾದಿಯೊಂದೇ. ಮಾಮೂಲಿ ಗಾಡಿಗಳು ಅದರ ಬುಡದಲ್ಲಿ ಮೂಗು ತೂರಿಸಿ ಹಿಂದಕ್ಕೆ ಹೋಗುತ್ತವೆ. ಹತ್ತುತ್ತಿದ್ದದ್ದು ನನ್ನ ತಮ್ಮನ ಗಾಡಿ ಮಾತ್ರ. ನಾಲ್ಕು ಚಕ್ರವೂ ಎಳೆಯುವ ಹಳೇ ಗಾಡಿ. ಕ್ಯಾನ್ವಾಸಿನ ಮಾಡು, ಎದುರುಬದುರು ಎರಡು ಬೆಂಚು. ಯಾರೋ ಬಿಸಾಕಿದ್ದನ್ನು ತಂದು ಮೂಳೆಗೆ ಮೂಳೆ ಜೋಡಿಸಿ ಜೀವ ಕೊಟ್ಟಿದ್ದ. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು.

ಮೇಸ್ತ್ರಿಗೆ ಒಂದು ಹಟ ಇತ್ತು. ಗ್ರೀಸು ಹತ್ತಿದ ಕೈಯಲ್ಲಿ ಮನೆಯ ಯಾವ ವಸ್ತುವನ್ನೂ ಮುಟ್ಟಬಾರದು. ಹಿತ್ತಲಲ್ಲಿ ಗಾಡಿ ನಿಲ್ಲಿಸಿ, ಅಲ್ಲೇ ನಲ್ಲಿಯಲ್ಲಿ ಸೋಪು ಹಾಕಿ, ಉಗುರಿನ ಸಂದಿಯನ್ನು ಕಡ್ಡಿಯಲ್ಲಿ ಕೆರೆದು, ಆಮೇಲೆ ಒಳಗೆ. ಹೊಟ್ಟೆ ಎಷ್ಟೇ ಹಸಿದಿರಲಿ, ಮನೆಗೆ ಯಾರೇ ಬಂದಿರಲಿ, ಮೊದಲು ನಲ್ಲಿ. "ಹೊರಗೆ ನಾನು ಮೇಸ್ತ್ರಿ, ಒಳಗೆ ಮನುಷ್ಯ" ಎನ್ನುತ್ತಿದ್ದ.

ಅವನ ಎದೆಯಲ್ಲಿ ಕಲ್ಲುಪುಡಿ ಕೂತದ್ದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಹುಟ್ಟಿದಾಗಿನಿಂದ ಕ್ರಷರಿನ ಧೂಳು ಕುಡಿದವನು. ಮೊದಲು ಏರಿನಲ್ಲಿ ಕೆಮ್ಮಿದ. ಆಮೇಲೆ ಇಳಿಜಾರಿನಲ್ಲೂ ಕೆಮ್ಮಿದ. ಕ್ಲಚ್ಚು ತುಳಿದರೆ ಉಸಿರು ಮೇಲಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಗಾಡಿಯ ಪಕ್ಕದಲ್ಲಿ ನಿಂತು ಹೆಂಡತಿಗೆ, "ಹತ್ತು" ಎಂದ.

"ಎಲ್ಲಿಗೆ ಹೋಗ್ಬೇಕು?"

"ಈ ಕಡೆ ಅಲ್ಲ, ಆ ಕಡೆ ಹತ್ತು. ಸ್ಟೇರಿಂಗ್ ಕಡೆ."

"ನಿಮಗೇನು ತಲೆ ಕೆಟ್ಟಿದ್ಯಾ?"

"ತಲೆ ಚೆನ್ನಾಗಿದೆ. ಎದೆ ಕೆಟ್ಟಿದೆ. ಹತ್ತೇ."

ಹೀಗೆ ಕಲಿತಳು. ಅವನು ಪಕ್ಕದಲ್ಲಿ ಕೂತು, ಕೆಮ್ಮುತ್ತಾ ಬಯ್ಯುತ್ತಾ, ಬಯ್ಯುತ್ತಾ ಕೆಮ್ಮುತ್ತಾ ಕಲಿಸಿದ. "ಕಣ್ಣಲ್ಲಿ ದಾರಿ ನೋಡು, ಕಿವೀಲಿ ಗಾಡಿ ನೋಡು. ಅದೇ ಹೇಳುತ್ತೆ ನಿಂಗೆ, ಈಗ ಗೇರು ಬದಲಾಯ್ಸು, ಈಗ ಕಾಲು ತೆಗಿ ಅಂತ. ಗಂಡನ ಮಾತು ಕೇಳ್ದೆ ಇದ್ರೂ ಪರವಾಗಿಲ್ಲ, ಗಾಡಿ ಮಾತು ಕೇಳು."

"ಗಂಡಾನೇ ವಾಸಿ" ಎಂದು ಅವಳು ಬೆವರು ಒರೆಸಿಕೊಂಡಳು. "ಇದು ಒಂದೇ ಸಮನೆ ಅಳುತ್ತಲ್ಲ!"

ಅಳುತ್ತಿದ್ದದ್ದು ನಿಜ. ಆ ಅಳುವಿನ ಕಥೆ ಹೇಳಬೇಕು. ಗಾಡಿಯ ಹಿಂದಿನ ಎರಡು ಚಕ್ರಗಳ ನಡುವೆ ಒಂದು ಅಚ್ಚು ಇರುತ್ತದೆ. ಉದ್ದನೆಯ ಕಬ್ಬಿಣದ ಕೊಳವೆ, ಅದರಲ್ಲಿ ಒಂದು ಕಡೆ ಬುರುಡೆಯಂತೆ ಉಬ್ಬು. ಆ ಬುರುಡೆಯ ಒಳಗೆ ಹಲ್ಲುಚಕ್ರಗಳು. ಹಿಂದೊಮ್ಮೆ ಮೇಸ್ತ್ರಿ ಅದನ್ನು ಬಿಚ್ಚಿ ಜೋಡಿಸುವಾಗ ಹಲ್ಲುಗಳ ನಡುವೆ ಕೊಡಬೇಕಾದ ತೆಳುವಾದ ಬಿಲ್ಲೆ ಸಿಗದೆ, ಎಣ್ಣೆ ಡಬ್ಬದ ತಗಡು ಕತ್ತರಿಸಿ ಕೊಟ್ಟಿದ್ದ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಯಿತು. ಅಂದಿನಿಂದ ಇಳಿಜಾರಿನಲ್ಲಿ ಆಕ್ಸಲೇಟರಿನಿಂದ ಕಾಲು ತೆಗೆದರೆ ಸಾಕು, ಹಿಂದಿನಿಂದ ಕೀಂ ಎಂದು ಸಣ್ಣ ದನಿಯ ಅಳು ಏಳುತ್ತಿತ್ತು. ಹಟ ಹಿಡಿದ ಮಗು ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ಅಳುವುದಿಲ್ಲವೇ, ಹಾಗೆ.

"ಬಿಚ್ಚಿ ಸರಿ ಮಾಡಿ" ಎಂದರೆ ಮೇಸ್ತ್ರಿ, "ನನ್ನ ಕೈ ತಪ್ಪು ಅದು, ಇರಲಿ ಬಿಡು. ಹಾರ್ನ್ ಬೇಕಾಗಲ್ಲ" ಎಂದ. ಹಾರ್ನು ಕೆಟ್ಟಾಗ ನಿಜವಾಗಿಯೂ ರಿಪೇರಿ ಮಾಡಲಿಲ್ಲ. ಬೇಕಾಗಲೂ ಇಲ್ಲ. ಗುಡ್ಡದ ನೆತ್ತಿಯಲ್ಲಿ ಆ ಅಳು ಎದ್ದರೆ ಹಾದಿಯಲ್ಲಿದ್ದವರು ತಿರುಗಿಯೂ ನೋಡದೆ ಪಕ್ಕಕ್ಕೆ ಸರಿಯುತ್ತಿದ್ದರು. ಕ್ರಷರು ಗುಡುಗುವಾಗ ಎಂಜಿನ್ನಿನ ಸದ್ದು, ಮನುಷ್ಯರ ಕೂಗು, ಎಲ್ಲವೂ ಅದರ ಹೊಟ್ಟೆಗೆ ಹೋಗುತ್ತಿತ್ತು. ಆ ಸಣ್ಣ ಅಳು ಮಾತ್ರ ದಬ್ಬಣದ ಹಾಗೆ ಗುಡುಗನ್ನು ತೂರಿಕೊಂಡು ನಮ್ಮ ಮನೆಯವರೆಗೆ ಬರುತ್ತಿತ್ತು.

ಮೇಸ್ತ್ರಿ ಹಾಸಿಗೆ ಹಿಡಿದ ಮೇಲೆ ಅವನಿಗೆ ಲೋಕ ಎಂದರೆ ಅದೇ ಆಯಿತು. ಧೂಳು ಬರಬಾರದೆಂದು ಕಿಟಕಿಗೆ ದಪ್ಪ ಪ್ಲಾಸ್ಟಿಕ್ ಹೊಡೆದಿದ್ದೆವು. ಬೆಳಕು ಬರುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ಅವನು ದಿಂಬಿಗೆ ಒರಗಿ, ಕಣ್ಣು ಮುಚ್ಚಿ, ಇಳಿಜಾರಿನ ಕಡೆ ಕಿವಿ ಮಾಡಿ ಕೂತಿರುತ್ತಿದ್ದ.

"ಬಂದ್ಲು ನೋಡಕ್ಕ. ಮೂರರಲ್ಲೇ ಇಳಿಸ್ತಿದಾಳೆ. ಎರಡಕ್ಕೆ ಹಾಕು... ಹಾಕು... ಹಾಂ, ಹಾಕಿದ್ಲು."

ಅವಳು ಕೈ ತೊಳೆದು ಒಳಗೆ ಕಾಲಿಡುವ ಮೊದಲೇ ವಿಚಾರಣೆ ಶುರುವಾಗುತ್ತಿತ್ತು. "ತಿರುವಿನಲ್ಲಿ ಗೇರು ತಡ ಮಾಡಿದೆ."

"ದನ ಅಡ್ಡ ಬಂತು ರೀ."

"ದನ ಬಂದಿದ್ರೆ ನಿಲ್ಲಿಸ್ತಿದ್ದೆ. ನೀನು ನಿಲ್ಲಿಸಲಿಲ್ಲ. ಯಾರ ಜೊತೆ ಹರಟೆ ಹೊಡೀತಿದ್ದೆ?"

"ನೋಡಿ ಅತ್ತಿಗೆ! ಊರಿಗೆಲ್ಲ ಗೋಡೆಗೆ ಕಿವಿ ಇದ್ರೆ, ನಮ್ಮನೇಲಿ ಹಾಸಿಗೇಗೆ ಕಿವಿ" ಎಂದು ಅವಳು ನಗುತ್ತಿದ್ದಳು. ಅವನೂ ನಗುವುದಕ್ಕೆ ಹೋಗಿ ಕೆಮ್ಮುತ್ತಿದ್ದ. ಆ ಬಯ್ಗುಳವಿಲ್ಲದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ. ಅವರಿಬ್ಬರ ಸಂಸಾರ ನಡೆದದ್ದೇ ಆ ಇಳಿಜಾರಿನ ಮೇಲೆ.

ಗಾಡಿ ಮುರಿದದ್ದು ಗುಡ್ಡದ ಆಚೆ. ಜನರನ್ನು ದೊಡ್ಡ ರಸ್ತೆಗೆ ಇಳಿಸಿ ತಿರುಗಿಸುವಾಗ ಹಿಂದಿನ ಚಕ್ರ ಉಳುಕಿದ ಪಾದದಂತೆ ಹೊರಗೆ ವಾಲಿತು. ಅಚ್ಚಿನ ಕೊಳವೆ ಬುರುಡೆಗೆ ಸೇರುವ ಜಾಗದಲ್ಲಿ ಸೀಳಿಹೋಗಿತ್ತು. ರಸ್ತೆಬದಿಯಲ್ಲೇ ಶೆಡ್ ಇಟ್ಟುಕೊಂಡಿದ್ದ ವೆಲ್ಡರ್ ಮೇಸ್ತ್ರಿಯ ಹಳೇ ಶಿಷ್ಯ, ಈಗ ತಲೆ ನರೆತವನು. ಗಾಡಿಯನ್ನು ಎಳೆದು ಒಳಗೆ ಹಾಕಿಕೊಂಡು, ಬೆಸುಗೆ ಹಾಕಿದ. ಬೆಸುಗೆ ತಣ್ಣಗಾಗುವಾಗಲೇ ಅದರ ಪಕ್ಕದಲ್ಲಿ ಹೊಸ ಬಿರುಕು ಬಿಟ್ಟಿತು.

"ಒಳಗೆಲ್ಲ ತುಕ್ಕು ತಿಂದು ಹಪ್ಪಳ ಆಗಿದೆ ಅಕ್ಕಾ. ಹಪ್ಪಳಕ್ಕೆ ಹೊಲಿಗೆ ಹಾಕೋದು ಹೇಗೆ? ಬೇರೆ ಅಚ್ಚು ತರ್ಬೇಕು."

ಇದೇ ದಿನಗಳಲ್ಲಿ ಆಸ್ಪತ್ರೆಯವರು ಮೇಸ್ತ್ರಿಯನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದಿದ್ದರು. ಆ ಮಾತಿನ ಅರ್ಥ ನಮಗೆ ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಲಿಲ್ಲ. ಒಂದು ಮಧ್ಯಾಹ್ನ ಅವಳು ಆಚೆ ಇದ್ದಾಗ ತಮ್ಮ ನನ್ನ ಕೈ ಹಿಡಿದುಕೊಂಡ. "ಅಕ್ಕಾ, ನಂಗೆ ಬೇರೆ ಆಸೆ ಏನೂ ಉಳಿದಿಲ್ಲ. ಅದು ಇನ್ನೊಂದ್ಸಲ ಇಳಿಜಾರು ಇಳಿದು ಬರೋದು ಕೇಳಿಸ್ಕೋಬೇಕು, ಅಷ್ಟೇ. ಗಾಡಿ ಕಾಲ ಮೇಲೆ ನಿಂತ್ರೆ ಅವಳೂ ನಿಲ್ತಾಳೆ. ಅದು ಕೇಳಿದ್ಮೇಲೆ ನಾನು ನೆಮ್ಮದಿಯಾಗಿ ಹೋಗ್ತೀನಿ."

ಬಾಗಿಲ ಹಿಂದೆ ಅವಳು ನಿಂತಿದ್ದಳು. ಕೇಳಿಸಿಕೊಂಡಳು. ಒಳಗೆ ಬಂದು, ಏನೂ ಕೇಳದವಳ ಹಾಗೆ, "ಹಗ್ಗ ಎಲ್ಲಿದೆ ಅತ್ತಿಗೆ?" ಎಂದಳು.

ಹಗ್ಗ ಯಾಕೆಂದರೆ, ಮುರಿದ ಅಚ್ಚಿನ ಅಳತೆ ತರಲು. ಒಂದು ಚಕ್ರ ಕೂರುವ ಜಾಗದಿಂದ ಇನ್ನೊಂದರವರೆಗೆ ಒಂದು ಗಂಟು, ಪಟ್ಟಿ ಸ್ಪ್ರಿಂಗು ಕೂರುವಲ್ಲಿ ಒಂದು ಗಂಟು, ಬುರುಡೆಯ ನಡುವಿಗೆ ಒಂದು ಗಂಟು. ಮೇಸ್ತ್ರಿ ಆ ಹಗ್ಗವನ್ನು ಹೊಟ್ಟೆಯ ಮೇಲೆ ಹರಡಿಕೊಂಡು ಬೆರಳಲ್ಲಿ ಗಂಟುಗಳನ್ನು ಮುಟ್ಟಿ ಮುಟ್ಟಿ ಪಾಠ ಹೇಳಿದ.

"ಅಳತೆ ಸರಿ ಇದ್ರೆ ಸಾಲದು. ನಮ್ಮ ಗಾಡೀಲಿ ಬುರುಡೆ ಬಲಗಡೆಗೆ ಇರುತ್ತೆ. ಈಚಿನವಕ್ಕೆಲ್ಲ ನಡುವೆ. ನಡುವೆ ಇರೋದು ತಂದ್ರೆ ಎಂಜಿನ್ ಕಡೆಯಿಂದ ಬರೋ ದಂಡ ಸೊಟ್ಟ ಆಗುತ್ತೆ. ಅದೂ ಸರಿ ಹೋಯ್ತು ಅಂದ್ರೆ ಸುತ್ತು ನೋಡ್ಬೇಕು. ಎರಡೂ ತುದೀನ ಒಟ್ಟಿಗೆ ಒಂದು ಸುತ್ತು ತಿರುಗಿಸು. ದಂಡ ಎಷ್ಟು ಸುತ್ತು ಬರುತ್ತೆ ಎಣಿಸು. ನಮ್ಮ ಮುಂದಿನ ಅಚ್ಚು ಎಷ್ಟು ಬರುತ್ತೋ ಹಿಂದಿನದೂ ಅಷ್ಟೇ ಬರ್ಬೇಕು. ಇಲ್ಲಾಂದ್ರೆ ಎತ್ತು ಏರಿಗೆ, ಕೋಣ ನೀರಿಗೆ. ನಾಲ್ಕೂ ಚಕ್ರ ಎಳೆಯೋವಾಗ ಗಾಡಿ ತನ್ನನ್ನ ತಾನೇ ಮುರ್ಕೊಳ್ಳುತ್ತೆ."

"ಮುಂದಿನ ಅಚ್ಚು ಗಂಡ, ಹಿಂದಿನದು ಹೆಂಡ್ತಿ ಅನ್ನಿ" ಎಂದಳು ಅವಳು.

"ಹೂಂ. ಹೆಂಡ್ತಿ ಮುರಿದ್ರೆ ಗಂಡ ಎಳೀಬಹುದು ಸ್ವಲ್ಪ ದೂರ."

"ಗಂಡ ಮುರಿದ್ರೆ?"

ಅವನು ಹಗ್ಗ ಸುತ್ತಿ ಅವಳ ಕೈಗೆ ಕೊಟ್ಟ. "ಹೊರಡು, ಹೊತ್ತಾಯ್ತು."

ಗುಜರಿಯಿಂದ ಗುಜರಿಗೆ ಅಲೆದಳು. ಮೊದಲ ಗುಜರಿಯವನು ಹೊಟ್ಟೆ ಕುಣಿಸಿ ನಗುವ ಆಸಾಮಿ. ಟೈರುಗಳ ಗುಡ್ಡೆಯ ಮೇಲೆ ಕೂತು, "ಬಾಮ್ಮಾ ಗೇರಮ್ಮ! ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ ಅಂತ ಕಾಯ್ತಿದ್ದೆ. ನಿನ್ನ ಗಾಡೀಗೆ ಅಚ್ಚು ಬೇಕಾದ್ರೆ ನಮ್ಮ ತಾತನ ಗೋರಿ ಅಗೀಬೇಕು" ಎಂದನಂತೆ. ಅವನಲ್ಲಿ ಇದ್ದವೆಲ್ಲ ನಡುವೆ ಬುರುಡೆಯವು. ಆದರೂ ಅವಳು ಒಂದೊಂದರ ಮೇಲೂ ಹಗ್ಗ ಹಾಸಿ ನೋಡಿಯೇ ಬಂದಳು. ಇನ್ನೊಬ್ಬನಲ್ಲಿ ಬುರುಡೆ ಸರಿಯಾದ ಕಡೆ ಇತ್ತು, ಹಗ್ಗದ ಗಂಟುಗಳೂ ಕೂತವು. ಅವಳು ಒಂದು ತುದಿ ಹಿಡಿದು, ಗುಜರಿಯವನ ಕೈಯಲ್ಲಿ ಇನ್ನೊಂದು ತುದಿ ಹಿಡಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಒಟ್ಟಿಗೆ ತಿರುಗಿಸಿದಳು. ದಂಡ ನಮ್ಮದಕ್ಕಿಂತ ಒಂದು ಸುತ್ತು ಕಡಿಮೆ ತಿರುಗಿತು.

"ಒಂದು ಸುತ್ತು ತಾನೇ, ಅಡ್ಜಸ್ಟ್ ಮಾಡ್ಕೋಮ್ಮ" ಎಂದನಂತೆ ಅವನು.

"ನೀನು ಎಡಗಾಲಿಗೆ ಒಂದು ಅಳತೆ, ಬಲಗಾಲಿಗೆ ಒಂದು ಅಳತೆ ಚಪ್ಪಲಿ ಹಾಕ್ಕೊಂಡು ಆ ಗುಡ್ಡ ಹತ್ತಿ ಬಾ. ಆಮೇಲೆ ನಾನು ಅಡ್ಜಸ್ಟ್ ಮಾಡ್ಕೋತೀನಿ" ಎಂದು ಹಗ್ಗ ಸುತ್ತಿಕೊಂಡು ಬಂದಳು.

ಸಂಜೆ ಗುಡ್ಡವನ್ನು ಕಾಲ್ನಡಿಗೆಯಲ್ಲಿ ಹತ್ತಿಳಿದು ಬಂದು ಅವನ ಹಾಸಿಗೆಯ ತುದಿಯಲ್ಲಿ ಕೂತು ಇದನ್ನೆಲ್ಲ ಹೇಳುತ್ತಿದ್ದಳು. ಗುಜರಿಯವರ ದನಿ ಅಣಕಿಸಿ ನಗಿಸುತ್ತಿದ್ದಳು. ಅವನು ಕೇಳುವುದೆಲ್ಲ ಕೇಳಿ, "ಬೇಡ" ಎನ್ನುತ್ತಿದ್ದ. ಅಷ್ಟು ಹೇಳುವುದಕ್ಕೂ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಗಿತ್ತು. ಅವಳು ಹೊರಗೆ ಹೋಗಿ ಹಿತ್ತಲಿನ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ಮುಖ ತೊಳೆಯುತ್ತಿದ್ದಳು. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

ಕೊನೆಗೆ ಸುದ್ದಿ ತಂದವನು ಆ ನಗುವ ಗುಜರಿಯವನೇ. ತಾನಾಗಿ ವೆಲ್ಡರನ ಶೆಡ್ಡಿಗೆ ಬಂದು ಹೇಳಿದನಂತೆ. ದೂರದ ಊರಿನಲ್ಲಿ ಮುಚ್ಚಿಹೋದ ಮರದ ಮಿಲ್ಲು. ಅದರ ಯಜಮಾನ ಯಾವುದೋ ಕಾಲದಲ್ಲಿ ಶೋಕಿಗೆ ಇಂಥದ್ದೇ ಗಾಡಿ ಕೊಂಡು, ಓಡಿಸಲು ಬಾರದೆ ಶೆಡ್ಡಿನಲ್ಲಿ ನಿಲ್ಲಿಸಿ, ಅದರ ಮೇಲೆ ಹಲಗೆ ಪೇರಿಸಿಟ್ಟಿದ್ದ. ಈಗ ಮಿಲ್ಲನ್ನು ಕೆಡವುತ್ತಿದ್ದಾರೆ. "ಅಚ್ಚು ಮದುವೆ ಆಗದ ಹುಡುಗಿ ಹಾಗಿದೆ, ಸವೆದೇ ಇಲ್ಲ. ನಾಳೆ ನಾಡಿದ್ದರಲ್ಲಿ ಕರಗಿಸೋಕೆ ಹೋಗುತ್ತೆ. ಬೇಗ ಹೋಗಿ."

ಹೋದರೆ ಅಂದೇ ತಿರುಗಿ ಬರುವ ಹಾದಿಯಲ್ಲ. ತಂದ ಮೇಲೆ ಶೆಡ್ಡಿನಲ್ಲಿ ಕೂರಿಸುವ ಕೆಲಸ ಬೇರೆ. ಅಂದು ಮೇಸ್ತ್ರಿಯ ಉಸಿರು ಗರಗಸದ ಹಾಗೆ ಎಳೆಯುತ್ತಿತ್ತು. ಅವಳು ಸೀರೆಯ ಗಂಟು ಬಿಗಿದು, ಮತ್ತೆ ಬಿಚ್ಚಿ, ಕೂತುಬಿಟ್ಟಳು.

"ವೆಲ್ಡರ್ ಒಬ್ಬನೇ ಹೋಗ್ಲಿ ಬಿಡಿ. ನಾನು ಇಲ್ಲಿರ್ತೀನಿ."

"ಅವನು ಸುತ್ತು ಸರಿಯಾಗಿ ಎಣಿಸಲ್ಲ. ಬೆಸುಗೆ ಹಾಕೋನಿಗೆ ಎಲ್ಲಾ ಅಂಟುತ್ತೆ ಅನ್ನೋ ಧೈರ್ಯ." ಅವನು ನಿಂತು ನಿಂತು ಹೇಳಿದ. "ನೀನು ಇಲ್ಲಿ ಕೂತ್ರೆ ನನ್ನ ಉಸಿರು ಜಾಸ್ತಿ ಆಗುತ್ತಾ? ಹೋಗು."

"ನಾನು ಬರೋವರೆಗೂ ಇರ್ತೀರಾ?"

"ಕೇಳಿಸ್ಕೋತಾ ಇರ್ತೀನಿ."

ಅವಳು ಅವನ ಹೊದಿಕೆ ಸರಿಮಾಡಿ, ನನ್ನ ಕಡೆ ನೋಡಿ, ಹೊರಟಳು. ಗುಡ್ಡ ಹತ್ತುವ ಅವಳ ಬೆನ್ನನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳು ತಿರುಗಿ ನೋಡಲಿಲ್ಲ. ನೋಡಿದರೆ ವಾಪಸ್ಸು ಬಂದುಬಿಡುತ್ತೇನೆ ಎಂಬ ಭಯ ಇತ್ತೆಂದು ಆಮೇಲೆ ಹೇಳಿದಳು.

ಅಲ್ಲಿ ನಡೆದದ್ದನ್ನು ನಾನು ವೆಲ್ಡರನ ಬಾಯಿಂದ ಕೇಳಿದ್ದು. ಮಿಲ್ಲಿನಲ್ಲಿ ಅವಳು ಮರದ ಪುಡಿಯಲ್ಲಿ ಮಂಡಿಯೂರಿ ಹಗ್ಗ ಹಾಸಿದಳಂತೆ. ಗಂಟಿಗೆ ಗಂಟು ಕೂತಿತು. ಬುರುಡೆ ಬಲಗಡೆ. ತುದಿಗಳನ್ನು ತಿರುಗಿಸಿದರು. ಸುತ್ತು ಸರಿಹೋಯಿತು. ಅವಳಿಗೆ ನಂಬಿಕೆ ಬರದೆ ಮತ್ತೆ ತಿರುಗಿಸಿದಳು, ಮತ್ತೂ ತಿರುಗಿಸಿದಳು. ಆಮೇಲೆ ಆ ಅಚ್ಚಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಳಂತೆ, ನೆಂಟರ ಮನೆಯಲ್ಲಿ ತಾಯಿಯನ್ನು ಕಂಡ ಮಗುವಿನ ಹಾಗೆ.

ಮರುದಿನ ಶೆಡ್ಡಿನಲ್ಲಿ ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸಿದರು. ಅವಳೇ ಗಾಡಿಯ ಕೆಳಗೆ ಮಲಗಿ ಬೋಲ್ಟು ಬಿಗಿದಳು. ಮಧ್ಯಾಹ್ನ ಕಳೆದ ಮೇಲೆ ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿದರು. ವೇಗದಲ್ಲಿ ಹೋಗಿ ಕಾಲು ತೆಗೆದರೆ, ಹಿಂದೆ ಏನೂ ಇಲ್ಲ.

"ಉಸಿರೇ ಇಲ್ಲ ನೋಡಕ್ಕಾ! ಬೆಣ್ಣೆ! ಗುರುಗಳೇ ಕೂರಿಸಿದ್ರೂ ಇಷ್ಟು ಚೆನ್ನಾಗಿ ಕೂರ್ತಿರಲಿಲ್ಲ" ಎಂದು ವೆಲ್ಡರ್ ಕುಣಿದನಂತೆ.

ಅವಳೂ ಹಿಗ್ಗಿದಳು. ಗಾಡಿ ಓಡಿಸುವವರಲ್ಲಿ ಯಾರಿಗೆ ತಾನೆ ಸದ್ದಿಲ್ಲದ ಗಾಡಿ ಎಂದರೆ ಹಿಗ್ಗಾಗುವುದಿಲ್ಲ? ಇಷ್ಟು ವರ್ಷ ಅಳುತ್ತಿದ್ದ ಗಾಡಿಯ ಅಳು ನಿಲ್ಲಿಸಿ ಗಂಡನ ಮುಂದೆ ತಂದು ನಿಲ್ಲಿಸುತ್ತೇನೆ ಎಂಬುದಷ್ಟೇ ಅವಳ ತಲೆಯಲ್ಲಿ ತುಂಬಿತ್ತು. ವೆಲ್ಡರ್ ಫೋನು ತೆಗೆದು, "ಮನೆಗೆ ಹೇಳ್ಬಿಡ್ಲಾ?" ಎಂದಾಗ ಅವಳೇ ಬೇಡವೆಂದಳು.

"ಹೇಳಿಬಿಟ್ರೆ ಏನು ಚೆಂದ? ಅವರೇ ಕೇಳಿಸ್ಕೊಳ್ಲಿ."

ಈ ಕಡೆ ಮನೆಯಲ್ಲಿ ನಾನು ತಮ್ಮನ ಪಕ್ಕ ಕೂತಿದ್ದೆ. ಬೆಳಗಿನಿಂದ ಅವನು ನೀರೂ ನುಂಗಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸುತ್ತಿದ್ದೆ. ಹೊರಗೆ ಕ್ರಷರು ಗುಡುಗುತ್ತಿತ್ತು. ಕಿಟಕಿಯ ಪ್ಲಾಸ್ಟಿಕ್ ಅದರ ಏಟಿಗೆ ಸಣ್ಣಗೆ ನಡುಗುತ್ತಿತ್ತು. ಅವನ ಮೈಯಲ್ಲಿ ಎಚ್ಚರವಾಗಿದ್ದದ್ದು ಕಿವಿ ಒಂದೇ.

"ಬಂತಾ?" ಎಂದ.

ನಾನೂ ಕಿವಿಗೊಟ್ಟೆ. ಗುಡುಗು ಬಿಟ್ಟರೆ ಏನೂ ಇರಲಿಲ್ಲ. "ಇನ್ನೂ ಇಲ್ಲ ಕಣೋ. ಬರ್ತಾಳೆ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಈಗ?"

"ಇಲ್ಲಪ್ಪ."

"ಇಳಿಜಾರಲ್ಲಿ ಏನೂ ಇಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಆಲಿಸಿದ. ಅವನು ಹಾಗೆ ಆಲಿಸುವಾಗ ನಾನೂ ಉಸಿರು ಬಿಗಿಹಿಡಿದಿದ್ದೆ. ನಾವಿಬ್ಬರೂ ಹುಡುಕುತ್ತಿದ್ದದ್ದು ಆ ಅಳುವನ್ನೇ. ಬೇರೆ ಯಾವ ಸದ್ದಿಗೂ ನಮ್ಮ ಕಿವಿಯಲ್ಲಿ ಜಾಗವೇ ಇರಲಿಲ್ಲ.

ಆಮೇಲೆ ಅವನ ಮುಖ ಸಡಿಲವಾಯಿತು. "ಸಿಕ್ಕಿಲ್ಲ ಅನ್ಸುತ್ತೆ, ಪಾಪ. ನಡ್ಕೊಂಡು ಬರ್ತಾಳೆ. ಅವಳಿಗೆ ಏನೂ ಅನ್ಬೇಡ ಅಕ್ಕಾ." ಸ್ವಲ್ಪ ತಡೆದು, "ತುಂಬಾ ಅಲೆದ್ಲು" ಎಂದ.

ಒಂದು ಉಸಿರು ಎಳೆದುಕೊಂಡ. ನಾನು ಅದು ಹೊರಗೆ ಬರುವುದನ್ನು ಕಾಯುತ್ತಾ ಕೂತೆ.

ಎಷ್ಟು ಹೊತ್ತು ಹಾಗೆ ಇದ್ದೆನೋ. ಗುಡುಗಿನ ನಡುವೆಯೂ, ಹಿತ್ತಲಿನ ಗೋಡೆಗೆ ತಾಗಿದ ನಲ್ಲಿಯಲ್ಲಿ ನೀರು ಬೀಳುವ ಸದ್ದಾಯಿತು. ನಲ್ಲಿ ಯಾರು ಬಿಟ್ಟರು ಎಂದು ಎದ್ದು ಹೋಗಿ ಹಿಂಬಾಗಿಲು ತೆಗೆದೆ. ಎಣ್ಣೆಯ ಕಲೆಯ ಮೇಲೆ ಗಾಡಿ ನಿಂತಿತ್ತು. ಅದರ ಮೂತಿಯಿಂದ ಬಿಸಿ ಏಳುತ್ತಿತ್ತು. ಗೇರಮ್ಮ ನಲ್ಲಿಯ ಕೆಳಗೆ ಬಗ್ಗಿ, ಮೊಣಕೈವರೆಗೂ ಸೋಪು ಹಚ್ಚಿ, ಕಡ್ಡಿಯಲ್ಲಿ ಉಗುರು ಕೆರೆಯುತ್ತಿದ್ದಳು. ನನ್ನನ್ನು ಕಂಡು ಮುಖವೆಲ್ಲ ಅರಳಿಸಿ ನಕ್ಕಳು.

"ಬಯ್ತಾರಲ್ಲ ಅತ್ತಿಗೆ, ಅದಕ್ಕೇ ಮೊದ್ಲು ಕೈ ತೊಳೀತಿದೀನಿ. ನಾಲ್ಕು ಸಲ ಸೋಪು ಹಾಕ್ದೆ, ಹೋಗ್ತಾ ಇಲ್ಲ. ತಿರುವಿನಲ್ಲಿ ಗೇರು ತಡ ಮಾಡಿಲ್ಲ ಇವತ್ತು. ಕೇಳಿಸ್ತಾ ಅವರಿಗೆ?"

ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ.

ಅವಳ ನಗು ಹಾಗೇ ಸ್ವಲ್ಪ ಹೊತ್ತು ಮುಖದ ಮೇಲೆ ಉಳಿದಿತ್ತು, ಎತ್ತಿಡಲು ಮರೆತ ಪಾತ್ರೆಯ ಹಾಗೆ. ಆಮೇಲೆ ಅವಳು ಗಾಡಿಯನ್ನು ನೋಡಿದಳು. ಅದರ ಹಿಂದಿನ ಚಕ್ರಗಳನ್ನು ನೋಡಿದಳು. "ತಿರುವಿನಲ್ಲಿ ಒಬ್ಬ ಕೈಗಾಡಿ ತಳ್ಳೋನು ಸರಿಯಲೇ ಇಲ್ಲ" ಎಂದಳು ನಿಧಾನವಾಗಿ. "ಬಂಪರ್ ತಾಗೋವಷ್ಟು ಹತ್ರ ಹೋದ್ಮೇಲೆ ಬೆಚ್ಚಿಬಿದ್ದ. ಯಾರ ಗಾಡಿ ಅಂತ ಗೊತ್ತಾಗ್ಲಿಲ್ಲ ಗೇರಮ್ಮ ಅಂದ. ನಾನು... ನಾನು ನಕ್ಕುಬಿಟ್ಟೆ ಅತ್ತಿಗೆ."

ನಲ್ಲಿ ಸುರಿಯುತ್ತಲೇ ಇತ್ತು. ಸೋಪಿನ ಕೈಯಲ್ಲೇ ಅವಳು ಒಳಗೆ ಓಡಿದಳು.

ಅವನ ಹಣೆಯ ಮೇಲೆ, ಕೆನ್ನೆಯ ಮೇಲೆ, ಬಿಳಿಯ ಹೊದಿಕೆಯ ಮೇಲೆ ಕಪ್ಪು ಬೆರಳಿನ ಗುರುತುಗಳಾದವು. ಅವಳು ಅವನ ಕಿವಿಗೆ ಬಾಯಿಟ್ಟು, "ಬಂದಿದೆ ರೀ, ಬಂದಿದೆ. ಹಿತ್ತಲಲ್ಲೇ ನಿಂತಿದೆ ನೋಡಿ" ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಸಂಜೆಯಾಗಿ ಕ್ರಷರು ನಿಂತಿತು. ಆಗ ಮನೆಯೊಳಗೆ ಅವಳ ದನಿ ಇದ್ದಕ್ಕಿದ್ದಂತೆ ದೊಡ್ಡದಾಗಿ ಕೇಳಿಸಿ, ಅವಳೇ ಹೆದರಿ ಸುಮ್ಮನಾದಳು.

ಕಾರ್ಯವೆಲ್ಲ ಮುಗಿದ ಮೇಲೆ ಅವಳು ವೆಲ್ಡರನ ಬಳಿ ಹೋಗಿ ಒಂದು ಮಾತು ಕೇಳಿದಳು. ಮುರಿದ ಅಚ್ಚಿನ ಬುರುಡೆಯೊಳಗಿನ ಹಳೇ ಹಲ್ಲುಚಕ್ರಗಳನ್ನು ತೆಗೆದು ಹೊಸದರೊಳಗೆ ಹಾಕಲು ಆಗುತ್ತದೆಯೇ ಎಂದು.

"ಒಳ್ಳೇದನ್ನ ತೆಗೆದು ಕೆಟ್ಟದ್ದು ಹಾಕೋದಾ ಅಕ್ಕಾ?" ಎಂದವನು, ಅವಳ ಮುಖ ನೋಡಿ ಸ್ಪ್ಯಾನರು ಎತ್ತಿಕೊಂಡ. ಗುರು ಕತ್ತರಿಸಿದ ತಗಡಿನ ಬಿಲ್ಲೆಯನ್ನೂ ಜೋಪಾನವಾಗಿ ತೆಗೆದು ಇದ್ದಂತೆಯೇ ಕೂರಿಸಿದ. ಅವಳು ಗುಡ್ಡ ಹತ್ತಿ, ನೆತ್ತಿಯಲ್ಲಿ ಕಾಲು ತೆಗೆದಳು. ಗಾಡಿ ಅತ್ತಿತು. ನಾನು ಮನೆಯಲ್ಲಿ ಕೇಳಿಸಿಕೊಂಡೆ. ಒರಟಾದ, ಕರಕರ ಎನ್ನುವ ಸದ್ದು. ಹಲ್ಲು ಅದೇ, ತಗಡು ಅದೇ. ಬಿಗಿದ ಕೈ ಬೇರೆ.

ಹಿತ್ತಲಿಗೆ ಬಂದು ಇಳಿದವಳು, "ಇದು ಬೇರೆ ಯಾರೋ ಅಳ್ತಿದಾರೆ ಅತ್ತಿಗೆ" ಎಂದಳು. ಮರುದಿನ ಹೋಗಿ ಮಿಲ್ಲಿನ ಅಚ್ಚಿನ ಹಲ್ಲುಚಕ್ರಗಳನ್ನೇ ಮತ್ತೆ ಹಾಕಿಸಿಕೊಂಡು, ಒಂದು ಹಾರ್ನು ಹಾಕಿಸಿಕೊಂಡು ಬಂದಳು.

ಗಾಡಿ ಓಡುತ್ತಿದೆ. ಜ್ವರದ ಮಕ್ಕಳು, ಬಸುರಿ ಹೆಂಗಸರು, ಸಂತೆಯ ಚೀಲಗಳು, ಎಲ್ಲವೂ ಅದರಲ್ಲೇ ಹತ್ತಿ ಇಳಿಯುತ್ತವೆ. ಇಷ್ಟು ಸುಖವಾಗಿ ಅದು ಎಂದೂ ಓಡಿರಲಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಅವಳ ಮುಂದೆ ಮಾತ್ರ ಹೇಳುವುದಿಲ್ಲ. ಗುಡ್ಡದ ನೆತ್ತಿಗೆ ಬಂದಾಗ ಅವಳು ಒಂದು ಸಲ ಹಾರ್ನು ಒತ್ತುತ್ತಾಳೆ, ಹಾದಿಯಲ್ಲಿ ಯಾರೂ ಇಲ್ಲದಿದ್ದರೂ. ನಾನು ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತೇನೆ.

ಗಾಡಿ ನಿಂತರೆ ಅವಳು ನಲ್ಲಿಯ ಕಡೆ ಹೋಗುವುದಿಲ್ಲ. ನೇರ ಒಳಗೆ ಬಂದುಬಿಡುತ್ತಾಳೆ. ಬಾಗಿಲ ಚೌಕಟ್ಟು, ಪರದೆ, ಅವನ ಮಂಚದ ಕಂಬಿ, ಎಲ್ಲದರ ಮೇಲೂ ಈಗ ಕಪ್ಪು ಬೆರಳಿನ ಗುರುತುಗಳಿವೆ. ನಾನು ಒರೆಸುವುದಿಲ್ಲ. ಕೈ ತೊಳೆದು ಬಾ ಎಂದು ಹೇಳುವುದೂ ಇಲ್ಲ.